ಮೂರಕ್ಷರದ ಜಾಗದಲ್ಲಿ ಏಳಕ್ಷರ

ಜುಲೈ ೬, ೧೯೯೭, ಭಾನುವಾರ

ಬಲಗೈ ಎಂಬ ಪದವನ್ನು ಯಾರು ಕಟ್ಟಿದರೋ, ನಮ್ಮ ಮನೆಯ ಮಟ್ಟಿಗೆ ಅದು ಈಗ ಸುಳ್ಳು. ನನ್ನವರ ಬಲಗೈಯಲ್ಲಿ ಬಲವಿಲ್ಲ. ಬಲವಿರುವುದು ಎಡಗೈಯಲ್ಲಿ, ಅದನ್ನು ಅತ್ತೆ ಕೈಯೆಂದೇ ಲೆಕ್ಕಿಸುವುದಿಲ್ಲ.

ಲಕ್ವ ಹೊಡೆದು ತಿಂಗಳಾಯಿತು. ಮೊದಲ ವಾರ ತೊದಲುತ್ತಿದ್ದ ಮಾತು ನೆಟ್ಟಗಾಗಿದೆ. ಕಾಲೆಳೆದುಕೊಂಡು ಬಚ್ಚಲಿನವರೆಗೆ ಹೋಗಿ ಬರುತ್ತಾರೆ. ಕೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಸಾಮಾನಿನಂತೆ ಮಡಿಲಲ್ಲಿ ಬಿದ್ದಿರುತ್ತದೆ. ಚಾಮರಾಜನಗರದ ಅರ್ಧ ಅಂಗಡಿಗಳಿಗೆ ಹೆಸರು ಬರೆದ ಕೈ ಅದು. ಇವರ ಸ್ವಂತ ಅಂಗಡಿಗೆ ಇವತ್ತಿಗೂ ಬೋರ್ಡಿಲ್ಲ. ಕೇಳಿದರೆ, ಊರಿನ ಬೋರ್ಡುಗಳ ಮೂಲೆಯಲ್ಲೆಲ್ಲ ಸಣ್ಣಗೆ ‘ದೊರೆ’ ಎಂದಿರುತ್ತದಲ್ಲ, ಅದಕ್ಕಿಂತ ದೊಡ್ಡ ಬೋರ್ಡು ಬೇಕೆ ಎನ್ನುತ್ತಿದ್ದರು. ದೊರೆಸ್ವಾಮಿ ಎಂದು ಹೆಸರಿಟ್ಟ ಮೇಲೆ ಊರೆಲ್ಲ ತನ್ನದೇ ಅನ್ನಿಸುವುದು ಸಹಜ.

ಆಗಸ್ಟ್ ಹದಿನೈದಕ್ಕೆ ನಮ್ಮದೇ ಜಿಲ್ಲೆಯಾಗುತ್ತದೆಯಂತೆ. ಅಂದರೆ ಇಲ್ಲಿನ ಪ್ರತಿ ಕಚೇರಿ, ಪ್ರತಿ ಶಾಲೆ, ಪ್ರತಿ ಹಾಲಿನ ಸೊಸೈಟಿಯ ಬೋರ್ಡಿನಿಂದ ‘ಮೈಸೂರು ಜಿಲ್ಲೆ’ ಅಳಿಸಿ ‘ಚಾಮರಾಜನಗರ ಜಿಲ್ಲೆ’ ಎಂದು ಬರೆಯಬೇಕು. ಬೋರ್ಡು ಬರೆಯುವವರಿಗೆ ಜೀವಮಾನದಲ್ಲಿ ಒಮ್ಮೆ ಬರುವ ಸುಗ್ಗಿ. ದೊರೆಗೆ ರಾಜ್ಯ ಬರುವ ಹೊತ್ತಿಗೆ ಕೈ ಕೈಕೊಟ್ಟಿತು.

ಈ ಮಾತನ್ನು ಅವರೆದುರೇ ಆಡಿಬಿಟ್ಟೆ. ನಗಲಿಲ್ಲ. ಆಡಬಾರದಿತ್ತು.

ಅತ್ತೆ ಮಹಾಲಕ್ಷ್ಮಮ್ಮನವರ ಕಾನೂನು ಒಂದೇ. ಮುದ್ದೆ, ಉಪ್ಸಾರು ಮುಂದಿಟ್ಟು ಎದುರಿಗೆ ಕೂರುತ್ತಾರೆ. “ಬಲಗೈಲಿ ಮುರ್ಕೊಂಡುಣ್ಣು ಮಗ. ಯಡಗೈ ತಟ್ಟೆಗೆ ತಾಗ್ತೋ, ತಟ್ಟೆ ಎತ್ಬುಡ್ತೀನಿ.” ಅನ್ನಕ್ಕೆ ಎಡ ಬಲ ಗೊತ್ತಿಲ್ಲ ಅತ್ತೆ ಎಂದು ಬಿ.ಎ., ಬಿ.ಎಡ್. ಓದಿದ ನಾನು ವಾದಿಸಿದೆ. “ಅನ್ನಕ್ಕೆ ಗೊತ್ತಿಲ್ದೆ ಇರ್ಬೋದು, ಅನ್ನ ಕೊಟ್ಟೋನ್ಗೆ ಗೊತ್ತು” ಎಂದರು. ಆ ಬೆರಳುಗಳು ಮುದ್ದೆಯ ಮೇಲೆ ಬಿದ್ದು ಜಾರಿ ಜಾರಿ ಸಾರಿಗೆ ಬೀಳುವುದನ್ನು ನೋಡಲಾರದೆ ಎದ್ದು ಹೋದೆ. ಇಂಥ ಕಲ್ಲೆದೆ ತಾಯಿಗೆ ಹೇಗೆ ಬಂತು?

ಜುಲೈ ೧೪, ಸೋಮವಾರ

ಗಂಡನೊಂದಿಗೆ ಕದ್ದುಮುಚ್ಚಿ ವ್ಯವಹಾರ ನಡೆಸುತ್ತಿದ್ದೇನೆ. ಅತ್ತೆ ಹಾಲು ತರಲು ಡೈರಿಗೆ ಹೋದ ಹೊತ್ತು ನೋಡಿ ಸೆರಗಿನಡಿ ಚಮಚ, ಬಟ್ಟಲಲ್ಲಿ ಉಪ್ಪಿಟ್ಟು. ಗುಬ್ಬಿಮರಿಯಂತೆ ಬಾಯಿ ತೆರೆಯುತ್ತಾರೆ. ಅಂಗಿಯ ಗುಂಡಿ ನಾನೇ ಹಾಕುತ್ತೇನೆ, ತಲೆ ನಾನೇ ಬಾಚುತ್ತೇನೆ. ಅತ್ತೆ ಬಂದು ತಟ್ಟೆಯಿಟ್ಟರೆ ಹಸಿವಿಲ್ಲ ಎನ್ನುತ್ತಾರೆ. ಕಣ್ಣಲ್ಲೇ ಇಬ್ಬರೂ ನಗುತ್ತೇವೆ. ಮದುವೆಯಾದ ಹೊಸತರಲ್ಲೂ ಇಷ್ಟು ಪ್ರಣಯ ನಡೆಸಿದ ನೆನಪಿಲ್ಲ.

ಇದೆಲ್ಲ ಪ್ರೀತಿ ಎಂದು ಬರೆಯಲು ಹೊರಟಿದ್ದೆ. ಇದನ್ನು ಓದುವವಳು ನಾನೊಬ್ಬಳೇ ಆದ್ದರಿಂದ ಸುಳ್ಳು ಬರೆದು ಪ್ರಯೋಜನವಿಲ್ಲ. ಅವರ ಪಾಡಿಗೆ ಬಿಟ್ಟರೆ ಒಂದು ಗುಂಡಿಗೆ ಒಂದು ಯುಗ. ನನಗೆ ಗುಂಡ್ಲುಪೇಟೆ ಬಸ್ಸು ಹಿಡಿಯಬೇಕು, ಎಂಟನೇ ತರಗತಿಗೆ ಸಂಧಿ ಬಿಡಿಸಬೇಕು. ಅವರ ಬಾಯಿಗೆ ಚಮಚ ಹಿಡಿದಾಗ ನನ್ನ ಕಣ್ಣು ಗಡಿಯಾರದ ಮೇಲಿರುತ್ತದೆ.

ಆಗಸ್ಟ್ ೩, ಭಾನುವಾರ

ನಿನ್ನೆ ಮೈಸೂರಿನ ಆಸ್ಪತ್ರೆಗೆ ಹೋಗಿದ್ದೆವು. ಕೈಕಾಲಿಗೆ ವ್ಯಾಯಾಮ ಕಲಿಸುವ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯಷ್ಟು ವಯಸ್ಸಿನವಳು, ಇವರ ಕೈಯನ್ನು ಮೇಲೆ ಕೆಳಗೆ ಮಾಡಿ ನೋಡಿ, ಮನೆಯಲ್ಲಿ ಇವರ ಕೆಲಸವೆಲ್ಲ ಯಾರು ಮಾಡುತ್ತಾರೆ ಎಂದಳು. ನಾನು ಹೆಮ್ಮೆಯಿಂದ, ಗುಂಡಿಯಿಂದ ಉಪ್ಪಿಟ್ಟಿನವರೆಗೆ ಒಪ್ಪಿಸಿದೆ.

“ಹಾಗಾದ್ರೆ ಆ ಕೈಗೆ ಮಾಡೋಕೆ ಏನು ಉಳೀತು ಮೇಡಂ?”

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಕೈ ಸತ್ತಿಲ್ಲವಂತೆ. ಮಿದುಳಿನಲ್ಲಿ ಅದನ್ನು ಆಡಿಸುತ್ತಿದ್ದ ಜಾಗ ಕೆಟ್ಟಿದೆ. ಕೆಲಸ ಕೊಡುತ್ತಲೇ ಇದ್ದರೆ ಅಕ್ಕಪಕ್ಕದ ಜಾಗ ಒಂದಿಷ್ಟು ಸರಿದು ಆ ಕೆಲಸವನ್ನು ತಾನು ಕಲಿಯಬಹುದು. ಕೆಲಸವನ್ನೇ ಕೊಡದಿದ್ದರೆ ಮಿದುಳು ಆ ಕೈಯನ್ನು ಮರೆತುಬಿಡುತ್ತದೆ. ಮಕ್ಕಳ ಮಿದುಳು ಮಾತ್ರ ಕಲಿಯುತ್ತದೆ, ದೊಡ್ಡವರದು ಗಟ್ಟಿಯಾಗಿ ನಿಂತುಹೋಗುತ್ತದೆ ಎಂದು ಹಿಂದೆ ನಂಬಿದ್ದರಂತೆ, ಈಗ ಹಾಗಲ್ಲವಂತೆ. ಹೊರದೇಶದಲ್ಲಿ ಹೊಸದಾಗಿ ಒಂದು ಪ್ರಯತ್ನ ನಡೆದಿದೆ, ಒಳ್ಳೆಯ ಕೈಯನ್ನು ಕಟ್ಟಿಹಾಕುವುದು. ಬೆಳಿಗ್ಗೆಯಿಂದ ಮಧ್ಯಾಹ್ನದ ಊಟ ಮುಗಿಯುವವರೆಗೆ ಮಾಡಿ ನೋಡಿ, ಆದರೆ ಗ್ಯಾರಂಟಿ ಕೊಡಲಾರೆ ಎಂದಳು.

ಬರುವಾಗ ಬಸ್ಸಿನಲ್ಲಿ ಅವರಿಗೆ ಪಾಠ ಮಾಡಿದೆ. ಸೇತುವೆ ಕುಸಿದರೆ ಬಸ್ಸು ನಿಲ್ಲುವುದಿಲ್ಲ, ಉಡಿಗಾಲ ಹಳ್ಳಿಯ ಕಡೆಯಿಂದ ಸುತ್ತಿಕೊಂಡಾದರೂ ಊರು ಸೇರುತ್ತದೆ, ನಿಮ್ಮ ಮಿದುಳೂ ಹಾಗೇ ಎಂದೆ.

“ಸುತ್ಕೊಂಡ್ ಬರೋ ಬಸ್ಸು ಲೇಟಾಯ್ತದೆ ಕಣಮ್ಮಿ” ಎಂದರು.

“ಬರುತ್ತಲ್ಲ.”

“ಬತ್ತದೆ. ಕಾಯೋರು ಇರ್ಬೇಕಲ್ಲ.”

ಅವರು ಹೊರಗೆ ನೋಡುತ್ತಲೇ ಹೇಳಿದರು. ನನಗೆ ಚಮಚ, ಗಡಿಯಾರ ಎರಡೂ ಕಣ್ಣಮುಂದೆ ಬಂದವು.

ಅತ್ತೆಯ ಕಾರಣ ತಪ್ಪು, ಉತ್ತರ ಸರಿ. ಪರೀಕ್ಷೆಯಲ್ಲಾದರೆ ಅರ್ಧ ಅಂಕ ಕೊಡುತ್ತಿದ್ದೆ. ನನ್ನದು ಕಾರಣವೂ ಪೂರ್ತಿ ಸರಿಯಿಲ್ಲ, ಉತ್ತರ ಸೊನ್ನೆ. ಇದನ್ನು ಅತ್ತೆಗೆ ಹೇಳಿಲ್ಲ. ಹೇಳಿದರೆ ಚಮಚದ ಕಥೆಯನ್ನೂ ಹೇಳಬೇಕು.

ಆಗಸ್ಟ್ ೪, ಸೋಮವಾರ

ಹಳೆಯ ಸೀರೆಯ ಅಂಚು ಹರಿದು ಅವರ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆ. ಅವರು ನನಗೆ ಕಟ್ಟಿದ್ದಕ್ಕೆ ತಾಳಿ ಎನ್ನುತ್ತಾರೆ. ನಾನು ಕಟ್ಟಿದ್ದಕ್ಕೆ ಹೆಸರಿಲ್ಲ. ಚಮಚವನ್ನು ಅಕ್ಕಿ ಡಬ್ಬಿಯ ಹಿಂದೆ ಎಸೆದೆ.

ಆಗಸ್ಟ್ ೧೬, ಶನಿವಾರ

ನಿನ್ನೆ ಜಿಲ್ಲೆ ಹುಟ್ಟಿತು. ಸಂಜೆ ಊರಲ್ಲೆಲ್ಲ ಪಟಾಕಿ. ಇವರು ಬಾಗಿಲಲ್ಲಿ ಕುಳಿತು, ಎದುರಿನ ಸೊಸೈಟಿಯ ಬೋರ್ಡನ್ನು ಬೇರೆ ಯಾರೋ ಏಣಿ ಹಾಕಿ ತಿದ್ದುವುದನ್ನು ನೋಡುತ್ತಿದ್ದರು. ‘ಜಿಲ್ಲೆ’ಯ ಒತ್ತು ಸೊಟ್ಟಗಿದೆ ಎಂದಷ್ಟೇ ಹೇಳಿದರು.

ನಮ್ಮ ಹೆಡ್‌ಮಾಸ್ಟರ್ ನಂಜುಂಡಪ್ಪನವರು ಶಾಲೆಯ ಬೋರ್ಡನ್ನು ಆಟೋದಲ್ಲಿ ಹಾಕಿ ಕಳಿಸಿದ್ದಾರೆ. ಹಳದಿ ತಗಡಿನ ಮೇಲೆ ಕಪ್ಪು ಅಕ್ಷರ, ಇಪ್ಪತ್ತು ವರ್ಷದ ಹಿಂದೆ ಇವರೇ ಬರೆದದ್ದು. ಬೇರೆಯವರಿಂದ ತಿದ್ದಿಸಲು ಅವರಿಗೆ ಮನಸ್ಸಿಲ್ಲ. ನವೆಂಬರ್ ಕೊನೆಗೆ ನಿವೃತ್ತರಾಗುತ್ತಾರೆ, ಅಷ್ಟರೊಳಗೆ ಹೊಸ ಜಿಲ್ಲೆಯ ಹೆಸರಿನ ಕೆಳಗೆ ಒಮ್ಮೆ ನಿಂತು ಹೋಗಬೇಕಂತೆ. ಇವರು ತಗಡನ್ನು ಗೋಡೆಗೆ ಒರಗಿಸಿಕೊಂಡು ಬಹಳ ಹೊತ್ತು ನೋಡಿದರು. ‘ಮೈಸೂರು’ ಮೂರಕ್ಷರ, ‘ಚಾಮರಾಜನಗರ’ ಏಳಕ್ಷರ. ಮೂರು ಜನ ಕೂರುವ ಸೀಟಿನಲ್ಲಿ ಏಳು ಜನ. ಎರಡು ಕೈ ಇದ್ದಾಗಲೂ ಕಷ್ಟ ಎಂದರು.

ಪಕ್ಕದ ಮನೆ ಸುಂದ್ರಮ್ಮನ ಜಗಲಿಯಲ್ಲಿ ನನ್ನ ಹೆಸರು ಕೆಟ್ಟಿದೆ. ಟೀಚರಮ್ಮ ಗಂಡನ ಕೈ ಕಟ್ಟಿಹಾಕಿ ಕೆಲಸಕ್ಕೆ ಹೋಗುತ್ತಾಳೆ ಎಂದು ಮಾತು. ಕಟ್ಟುವವಳು ನಾನೇ, ಮಧ್ಯಾಹ್ನ ಬಿಚ್ಚುವವರು ಅತ್ತೆ. ಪಾಪ ನನಗೆ, ಪುಣ್ಯ ಅವರಿಗೆ. ಇವತ್ತು ಸಾರಿನ ಬಟ್ಟಲು ಇವರ ತೊಡೆಯ ಮೇಲೆ ಮಗುಚಿತು. ಒರೆಸಲು ಹೋದರೆ ಮುಖ ತಿರುಗಿಸಿದರು.

“ಎಲ್ಲಾದಕ್ಕೂ ನಿನ್ ತಾವ ಒಂದ್ ಮಾತದೆ ಭಾಗ್ಯ. ನೀನು ಒಂದಿನ ಕಟ್ಕೊಂಡ್ ನೋಡು. ಆ ನಿನ್ ದಿನಚರಿಯ ಯಡಗೈಲಿ ಬರಿ, ನೋಡುವ.”

ಸೋಮವಾರದಿಂದಲೇ ನೋಡುತ್ತೇನೆ ಎಂದೆ.

ಆಗಸ್ಟ್ ೧೮, ಸೋಮವಾರ

ಎಡಗೈ. ಇಷ್ಟಕ್ಕೇ ಬಸ್ಸು ತಪ್ಪಿತು.

ಸೆಪ್ಟೆಂಬರ್ ೧, ಸೋಮವಾರ

ಎಡಗೈಯೇ. ಅಕ್ಷರಕ್ಕೆಲ್ಲ ಲಕ್ವ. ಸಣ್ಣ ಪದ ಹುಡುಕುತ್ತೇನೆ.

ಗುಂಡಿ ಹಾಕಿಕೊಳ್ಳುತ್ತಿದ್ದರು. ನನ್ನ ಕೈ ಮುಂದೆ ಹೋಯಿತು. ಹಿಂದೆ ತಂದೆ. ಸೆರಗಿನಲ್ಲಿ ಸುತ್ತಿಟ್ಟೆ. ಒಂದು ಗುಂಡಿ ಬಿತ್ತು. ತಪ್ಪು ತೂತಿಗೆ. ತಿದ್ದಲಿಲ್ಲ.

ಸೆಪ್ಟೆಂಬರ್ ೧೫, ಸೋಮವಾರ

ಮುದ್ದೆ ಮುರಿದರು. ಹೆಬ್ಬೆರಳು, ತೋರುಬೆರಳು ಕೂಡಿದವು. ಸಾರಿಗೆ ಅದ್ದಿದರು, ಬಾಯಿವರೆಗೆ ತಂದರು, ಗಲ್ಲಕ್ಕೆ ತಾಗಿ ಬಿತ್ತು. ಅತ್ತೆ ಮತ್ತೊಂದು ಮುದ್ದೆ ಇಟ್ಟರು. ಎರಡನೆಯದು ಒಳಗೆ ಹೋಯಿತು.

ಜುಲೈಯಲ್ಲಿ ನಾನು ಚಮಚ ಹಿಡಿಯದಿದ್ದರೆ ಇದು ಎಂದೋ ಆಗುತ್ತಿತ್ತೇನೋ. ಈ ಲೆಕ್ಕ ಹಾಕಬಾರದು ಎಂದುಕೊಳ್ಳುತ್ತೇನೆ, ಹಾಕುತ್ತೇನೆ.

ಅಕ್ಟೋಬರ್ ೧೦, ಶುಕ್ರವಾರ, ಆಯುಧಪೂಜೆ

ಅತ್ತೆ ಇವರ ಬ್ರಶ್ಶುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಜೋಡಿಸಿ ಅರಿಶಿನ ಕುಂಕುಮ ಇಟ್ಟರು. ಕೊನೆಗೆ ಮಗನ ಬಲಗೈಯನ್ನೂ ಎಳೆದು ಮಣೆಯ ಮೇಲಿಟ್ಟುಕೊಂಡು ಮಣಿಕಟ್ಟಿಗೆ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟರು. “ಇದೂ ಆಯುದಾನೇ ಕಣ್ಲಾ” ಎಂದರು. ಇವರು ಕೈ ಕದಲಿಸದೆ, ಹೂ ಬೀಳದಂತೆ ಕುಳಿತರು. ಕದಲದಿರುವುದೂ ಒಂದು ಹತೋಟಿ ಎಂದು ನನಗೆ ಆಮೇಲೆ ಹೊಳೆಯಿತು.

ಮಂಗಳಾರತಿ ಆದ ಮೇಲೆ ಅಡಿಗೆಮನೆಯಲ್ಲಿ ಅತ್ತೆಗೆ ಚಮಚದ ವಿಷಯ ಹೇಳಿಬಿಟ್ಟೆ. ಕಡುಬು ಬಡಿಸುತ್ತಿದ್ದವರು ತಲೆ ಕೂಡ ಎತ್ತಲಿಲ್ಲ. “ಗೊತ್ತಿತ್ತು ಬುಡವ್ವ. ಉಪ್ಪಿಟ್ಟಿನ ಗಮಲು ಬರಾಕಿಲ್ವ?” ಎಂದರು. ಮತ್ತೆ ಯಾಕೆ ಬೈಯಲಿಲ್ಲ ಎಂದೆ. “ನಂಗೂ ಕರ್ಳು ಚುರ್ ಅಂತಿತ್ತು. ಅವನ ಒಟ್ಟೆ ತುಂಬ್ಲಿ ಅಂತ ಆಲಿನ್ ಡೈರೀಲಿ ವಸಿ ತಡವಾಗೇ ನಿಂತ್ಕತಿದ್ದೆ.”

ಇಬ್ಬರೂ ಸೇರಿ ಆ ಕೈಯನ್ನು ಮುದ್ದಿನಿಂದ ಕೊಲ್ಲುತ್ತಿದ್ದೆವು. ಪಾಪ ಹಂಚಿಕೊಂಡರೆ ಅರ್ಧವಾಗುತ್ತದೆ ಎನ್ನುತ್ತಾರೆ. ನನಗೆ ಅವರ ಪಾಲಿನದೂ ಸೇರಿ ಹೆಚ್ಚೇ ಆದಂತಿದೆ.

ನವೆಂಬರ್ ೨, ಭಾನುವಾರ

ಬ್ರಶ್ಶಿನ ಹಿಡಿಗೆ ಬಟ್ಟೆ ಸುತ್ತಿ ಸುತ್ತಿ ಮುದ್ದೆಯಷ್ಟು ದಪ್ಪ ಮಾಡಿಕೊಂಡಿದ್ದಾರೆ. ಹಾಗಾದರೆ ಹಿಡಿತ ಸಿಗುತ್ತದೆ. ‘ಮೈಸೂರು’ ಮೊನ್ನೆಯೇ ಹಳದಿ ಬಣ್ಣದಡಿ ಮುಚ್ಚಿಹೋಯಿತು. ಸೀಮೆಸುಣ್ಣ ಸವರಿದ ದಾರ ಬಡಿದು ಗೆರೆ ಹಾಕಲು ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅತ್ತೆ. ಏಳಕ್ಷರ ಹಿಡಿಸುವುದು ಹೇಗೆ ಎಂದು ಕೇಳಿದೆ.

“ಅಕ್ಷರ ವಸಿ ಸಣ್ಣಕ್ಕೆ ಮಾಡನ. ಪಕ್ಕದ್ ‘ಜಿಲ್ಲೆ’ಯ ವಸಿ ಜರುಗ್ಸುದ್ರಾಯ್ತು. ಎಲ್ರೂ ವಸಿ ವಸಿ ಜರುಗುದ್ರೆ ಜಾಗ ಆಯ್ತದೆ.”

ಮೈಸೂರಿನ ಹುಡುಗಿ ಮಿದುಳಿನ ಬಗ್ಗೆ ಹೇಳಿದ್ದೂ ಇದನ್ನೇ ಎಂದು ನೆನಪಿಸಿದೆ. ಅವಳೂ ಬೋರ್ಡು ಬರೆಯುತ್ತಾಳಾ ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ತಮಾಷೆ.

ಬೆಳಿಗ್ಗೆಯಿಂದ ‘ಚಾಮರಾ’ವರೆಗೆ ಬಂದಿದೆ. ಮಣಿಕಟ್ಟಿಗೆ ಕೋಲಿನ ಆಸರೆ, ಹಣೆಯಲ್ಲಿ ಬೆವರು. ತಲೆಕಟ್ಟುಗಳು ಸಂತೆಯಿಂದ ಕುಡಿದು ಬಂದವರಂತೆ ಒಂದಕ್ಕೊಂದು ಒರಗಿಕೊಂಡಿವೆ. ಅವರಿಗೆ ಅದು ಕಾಣಿಸುತ್ತಿದೆಯೋ ಇಲ್ಲವೋ ತಿಳಿಯದು. ದೂರ ನಿಂತು ನೋಡಿ, “ಉಳಿದುದ್ದ ನಾಕ್ ದಿನ ಬುಟ್ಟು ಮಾಡನ” ಎಂದು ತೃಪ್ತಿಯಿಂದ ಮುದ್ದೆ ಉಂಡರು.

ನವೆಂಬರ್ ೫, ಬುಧವಾರ

ಎಷ್ಟೋ ದಿನದ ಮೇಲೆ ಬಲಗೈಯಲ್ಲಿ ಬರೆಯುತ್ತಿದ್ದೇನೆ. ತಪ್ಪು ಮಾಡಿದ್ದು ಇದೇ ಕೈ, ಇದೇ ಒಪ್ಪಿಕೊಳ್ಳಲಿ.

ನಿನ್ನೆ ನಂಜುಂಡಪ್ಪನವರು ಸ್ಟಾಫ್ ರೂಮಿನಲ್ಲಿ, ದೊರೆಯ ಅಕ್ಷರದ ಕೆಳಗೆ ಫೋಟೊ ತೆಗೆಸಿಕೊಳ್ಳುತ್ತೇನೆ ಎಂದು ಎಲ್ಲರೆದುರು ಹೇಳಿದರು. ನನಗೆ ಆ ಕುಡುಕ ತಲೆಕಟ್ಟುಗಳು ಕಣ್ಣಿಗೆ ಕಟ್ಟಿದವು. ಜನ ನಗುತ್ತಾರೆ. ಇವರನ್ನು ನೋಡಿ ನಗುತ್ತಾರೆ ಎಂದುಕೊಂಡೆ. ಇಲ್ಲ, ಪೂರ್ತಿ ನಿಜ ಬರೆಯುತ್ತೇನೆ. ನನ್ನ ಶಾಲೆ, ನನ್ನ ಗಂಡ, ನನ್ನನ್ನು ನೋಡಿ ನಗುತ್ತಾರೆ ಎಂದುಕೊಂಡೆ.

ಬೆಳಿಗ್ಗೆ ಅವರು ಬಚ್ಚಲಿನಲ್ಲಿದ್ದಾಗ ಸಣ್ಣ ಬ್ರಶ್ಶು ತೆಗೆದುಕೊಂಡು ‘ಚಾ’ದ ತಲೆಕಟ್ಟು ನೇರ ಮಾಡಿದೆ. ‘ಮ’ದ ಹೊಟ್ಟೆ ತುಂಬಿದೆ. ‘ರಾ’ದ ಅಂಚಿಗೆ ಹಳದಿ ಬಳಿದು ಒಪ್ಪಮಾಡಿದೆ. ಇಪ್ಪತ್ತು ವರ್ಷದಿಂದ ಮಕ್ಕಳ ಕಾಪಿ ತಿದ್ದಿದ ಕೈ, ತಡೆಯದು. ಚೆನ್ನಾಗಿಯೇ ಬಂದಿತ್ತು.

ಬಂದು ನಿಂತು ನೋಡಿದರು. ಒಂದು ನೋಟಕ್ಕೇ ತಿಳಿಯಿತು.

“ಯಾರ್ ತಿದ್ದುದ್ದು?”

ನಾನು ಎಂದೆ. ಸ್ವಲ್ಪವೇ ಎಂದೂ ಸೇರಿಸಿದೆ.

“ನನ್ ಅಕ್ಷರವ ಅಳಿಸ್ಬುಟ್ಟೆ ಭಾಗ್ಯ. ಸೊಟ್ಟಗಿತ್ತು, ನಂಗೂ ಕಣ್ಣದೆ. ನಂದಾಗಿತ್ತು.” ಬ್ರಶ್ಶಿಗೆ ಸುತ್ತಿದ ಬಟ್ಟೆಯನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದರು. “ನೀನೇ ಬರ್ಕೊ. ಮೂಲೇಲಿ ನನ್ನೆಸ್ರು ಆಕಾಕಿಲ್ಲ.”

ಬಟ್ಟೆ ಬಿಚ್ಚಿದ್ದೂ ಬಲಗೈಯಲ್ಲೇ. ಅದನ್ನು ನೋಡಿ ಸಂತೋಷಪಡುವ ಹಕ್ಕೂ ನನಗಿರಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಹೋದೆ.

ನವೆಂಬರ್ ೧೧, ಮಂಗಳವಾರ

ಎಡಗೈ ಕಟ್ಟಲು ಹೋದರೆ ಬೇಡ ಎನ್ನಲಿಲ್ಲ, ಚಾಚಿದರು. ಕಟ್ಟಿದೆ. ಬಲಗೈ ಮಡಿಲಲ್ಲೇ ಇತ್ತು. ಅತ್ತೆ ಇಟ್ಟ ಮುದ್ದೆ ಹಾಗೇ ಒಣಗಿತು. ಬೋರ್ಡನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟಿದ್ದಾರೆ.

ಹೇಳಲು ಏನೂ ತೋಚುತ್ತಿಲ್ಲ. ಶ್ಲೇಷೆಯಂತೂ ಇಲ್ಲವೇ ಇಲ್ಲ.

ನವೆಂಬರ್ ೧೬, ಭಾನುವಾರ

ಮಧ್ಯಾಹ್ನ, ಅತ್ತೆ ಅವರ ಎಡಗೈ ಬಿಚ್ಚಿದ ಮೇಲೆ, ಬೋರ್ಡು ತಿರುಗಿಸಿ ಅಂಗಳದಲ್ಲಿ ಇಟ್ಟೆ. ನಾನು ತಿದ್ದಿದ ಮೂರಕ್ಷರವನ್ನೂ ಹಳದಿ ಬಣ್ಣದಡಿ ಮುಚ್ಚಿದೆ. ಅವರು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಒಂದು ಹಳೆಯ ತಗಡಿನ ಚೂರು ತೆಗೆದುಕೊಂಡು, ಎಡಗೈಯಲ್ಲಿ ಬ್ರಶ್ಶು ಹಿಡಿದು, ‘ಚಾ’ ಬರೆಯಲು ಕುಳಿತೆ. ಪೆನ್ನಿನ ಮಾತೇ ಬೇರೆ, ಬ್ರಶ್ಶಿನದೇ ಬೇರೆ. ಕಪ್ಪು ಬಣ್ಣ ಮೊಣಕೈವರೆಗೆ ಇಳಿಯಿತು. ಅತ್ತೆ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡರು.

ನಾಲ್ಕನೆಯದೋ ಐದನೆಯದೋ ‘ಚಾ’ ಆಗುವ ಹೊತ್ತಿಗೆ ಹಿಂದಿನಿಂದ ಮಾತು ಬಂತು. “ಅದೇನಮ್ಮಿ ಅದು, ಚಾ-ನಾ, ಬಿದ್ದೋಗಿರೋ ಮಂಕ್ರಿಯಾ?”

ಅವರು ಹೇಳಿದಂತೆಯೇ ಕೈ ಕಟ್ಟಿಕೊಂಡು ನೋಡುತ್ತಿದ್ದೇನೆ ಎಂದೆ.

“ಗುದ್ಲಿ ಇಡ್ದಂಗ್ ಇಡ್ಕೊಂಡಿದ್ದೀಯ. ಬ್ರಶ್ಶು ಅಕ್ಕಿಮರಿ ಇದ್ದಂಗೆ, ಅದುಮುದ್ರೆ ಸಾಯ್ತದೆ, ಬುಟ್ರೆ ಆರೋಯ್ತದೆ. ಸರಿ ಅತ್ಲಾಗೆ.”

ಕಾಲೆಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. ನನ್ನ ಮಣಿಕಟ್ಟು ಹಿಡಿದು ‘ಚಾ’ದ ಬೆನ್ನನ್ನು ನಿಧಾನವಾಗಿ ಬಾಗಿಸಿದರು. ಹೀಗೆ ಹೋಗಬೇಕು, ಇಲ್ಲಿ ಉಸಿರು ಬಿಡಬೇಕು, ಇಲ್ಲಿ ಎತ್ತಬೇಕು ಎನ್ನುತ್ತ ಪೂರ್ತಿ ಅಕ್ಷರ ಬರೆಸಿದರು. ಅಕ್ಷರ ಮುಗಿದ ಮೇಲೆ ನೋಡಿದೆ. ಅವರ ಎಡಗೈ ಬಿಚ್ಚಿಯೇ ಇತ್ತು, ಪಕ್ಕದಲ್ಲಿ ಸುಮ್ಮನೆ ಕುಳಿತಿತ್ತು. ನನ್ನನ್ನು ಹಿಡಿದದ್ದು ಬಲಗೈ.

ನಾನು ಹೇಳಲಿಲ್ಲ. ಹೇಳಿದರೆ ಆ ಕೈಗೆ ಗೊತ್ತಾಗಿಬಿಡುತ್ತದೆ ಎಂದು ಭಯವಾಯಿತು. ಅತ್ತೆಯೂ ನೋಡಿದರು, ಅವರೂ ಹೇಳಲಿಲ್ಲ.

ತಿದ್ದಿದ್ದಕ್ಕೆ ಕ್ಷಮೆ ಕೇಳಬೇಕೆಂದು ವಾರದಿಂದ ವಾಕ್ಯ ಹೊಂದಿಸಿಟ್ಟಿದ್ದೆ. ಅದರ ಬದಲು ಬ್ರಶ್ಶಿಗೆ ಸುತ್ತಲು ಬಟ್ಟೆ ತಂದುಕೊಟ್ಟೆ. ತೆಗೆದುಕೊಂಡರು.

ನವೆಂಬರ್ ೩೦, ಭಾನುವಾರ

ನಿನ್ನೆ ನಂಜುಂಡಪ್ಪನವರ ಬೀಳ್ಕೊಡುಗೆ. ಬೋರ್ಡು ಬೆಳಿಗ್ಗೆಯೇ ಮೇಲೇರಿತ್ತು. ಏಳಕ್ಷರವೂ ಹಿಡಿಸಿವೆ. ‘ರಾ’ ಸ್ವಲ್ಪ ‘ಜ’ದ ಮೇಲೆ ಬಿದ್ದಂತಿದೆ, ‘ಗ’ದ ತಲೆಕಟ್ಟಿಗೆ ಇನ್ನೂ ಅಮಲು ಇಳಿದಿಲ್ಲ, ‘ಜಿಲ್ಲೆ’ ಗೊಣಗಿಕೊಂಡು ಅಂಚಿಗೆ ಸರಿದಿದೆ. ಒಂದನ್ನೂ ನಾನು ಮುಟ್ಟಿಲ್ಲ. ಮುಟ್ಟಬೇಕೆನ್ನಿಸಿದಾಗಲೆಲ್ಲ ಹಿತ್ತಲಿಗೆ ಹೋಗಿ ಪಾತ್ರೆ ತೊಳೆದೆ. ಈ ತಿಂಗಳು ನಮ್ಮ ಪಾತ್ರೆಗಳಷ್ಟು ಹೊಳೆಯುವ ಪಾತ್ರೆ ಜಿಲ್ಲೆಯಲ್ಲೇ ಇಲ್ಲ.

ಇಬ್ಬರು ಹುಡುಗಿಯರು ಬೋರ್ಡು ನೋಡಿ ಕಿಸಕ್ಕೆಂದರು. ನಂಜುಂಡಪ್ಪನವರು ಕನ್ನಡಕ ಏರಿಸಿ ಒಂದೊಂದಕ್ಷರವನ್ನೂ ಓದಿದರು. “ದೊರೆ, ಮೊದಲಿನ ಸಾಲು ನಿನ್ನ ಕೈಯಿ ಬರೆದಿತ್ತು. ಇದು ಯಾರಲಾ ಬರೆದದ್ದು?” ಎಂದರು.

“ನಾನೇ ಸಾ. ಆ ಕೈ ಬರ್ದುದ್ದ ಈ ಕೈ ಈಗ ಕಲೀತಾ ಅದೆ.”

ಇವರು ಫೋಟೊ ತೆಗೆಯುವವನನ್ನು ಒಂದು ಗಳಿಗೆ ನಿಲ್ಲಿಸಿ, ಸ್ಟೂಲು ತರಿಸಿ ಹತ್ತಿದರು. ನಾನು ಸ್ಟೂಲು ಹಿಡಿದುಕೊಂಡೆ, ಅವರನ್ನು ಹಿಡಿಯಲಿಲ್ಲ. ಬೋರ್ಡಿನ ಬಲಮೂಲೆಯಲ್ಲಿ ಎರಡಕ್ಷರ. ಎರಡಕ್ಷರಕ್ಕೆ ಎಷ್ಟು ಹೊತ್ತು ಹಿಡಿಯಿತೋ ನೋಡಲಿಲ್ಲ. ಊರಿನ ಬಸ್ಸು ಬಂದು ಹೋದದ್ದು ಆಮೇಲೆ ತಿಳಿಯಿತು.

ಈಗ ಊಟವಾಗಿ ಜಗಲಿಯ ಚಾಪೆಯ ಮೇಲೆ ನಿದ್ದೆ ಹೋಗಿದ್ದಾರೆ. ಮಲಗುವಾಗ ನನ್ನ ಬಲಗೈ ಹಿಡಿದುಕೊಂಡವರು ಇನ್ನೂ ಬಿಟ್ಟಿಲ್ಲ. ಜುಲೈಯ ಆ ಚಮಚ ಇವತ್ತು ಅಕ್ಕಿ ಡಬ್ಬಿಯ ಹಿಂದೆ ಸಿಕ್ಕಿತು. ಎಸೆಯಲು ಹೋಗಿ, ಇರಲಿ ಎಂದು ಡಬ್ಬಿಯ ಮುಂದಕ್ಕೆ ಇಟ್ಟೆ. ನನಗೆ ಅದು ಆಗಾಗ ಕಣ್ಣಿಗೆ ಬೀಳುತ್ತಿರಬೇಕು.

ಅತ್ತೆ ಕಾಫಿ ಆರಿಹೋಗುತ್ತದೆ ಎಂದು ಒಳಗಿನಿಂದ ಎರಡು ಸಲ ಕೂಗಿದರು. ಕೈ ಬಿಡಿಸಿಕೊಳ್ಳಲು ನೋಡಿದೆ. ನಿದ್ದೆಯಲ್ಲೇ ಅವರ ಬಲಗೈಯ ಬೆರಳುಗಳು ಬಿಗಿಯಾದವು. ಎಳೆಯಲಿಲ್ಲ. ಪುಟ ಹಾರದಂತೆ ಮೊಣಕೈಯಿಂದ ಅದುಮಿಕೊಂಡಿದ್ದೇನೆ, ಗಾಳಿಯಿಲ್ಲ, ಅಷ್ಟೇನೂ ಕಷ್ಟವಿಲ್ಲ. ಆರಿದರೆ ಆರಲಿ. ಅವರು ಏಳುವವರೆಗೆ ಹೀಗೇ ಎಡಗೈಯಲ್ಲಿ ಬರೆಯುತ್ತಿರುತ್ತೇನೆ.